ಗಂಡ ಕೊರೊನಾ ಸ್ವಾಬ್ ತೆಗೆಯುವ ಕೆಲಸದಲ್ಲಿದ್ದಾರೆ, ಅತ್ತೆಗೆ ಶುಗರ್ ಇದೆ. ಎಷ್ಟು ದೂರ ಇರಬೇಕು, ಎಷ್ಟು ದಿನ?

ತೆಂಗಿನಗರಿ (ತಿಪಟೂರು ಕಡೆ, ಮೇ 2021)

ಎಲ್ಲರಿಗೂ ನಮಸ್ಕಾರ. ಸ್ವಂತ ಅಕ್ಕನ ಹತ್ತಿರ ಹೇಳಿಕೊಳ್ಳೋಕೂ ಸಂಕೋಚ ಆಗುವ ವಿಷಯ, ಅದಕ್ಕೇ ಹೆಸರಿಲ್ಲದೆ ಇಲ್ಲಿ ಕೇಳುತ್ತಿದ್ದೇನೆ. ನಮ್ಮವರು ಲ್ಯಾಬ್ ಟೆಕ್ನಿಷಿಯನ್. ಕೊರೊನಾ ಎರಡನೇ ಅಲೆ ಶುರುವಾದಾಗಿನಿಂದ ದಿನಾ ಪರೀಕ್ಷೆಗೆ ಮೂಗು, ಗಂಟಲಿನ ಸ್ವಾಬ್ ತೆಗೆಯೋದೇ ಕೆಲಸ, ಕೆಲವು ದಿನ ಹಳ್ಳಿಗಳಿಗೂ ಹೋಗಬೇಕು. ಅವರಿಗೆ ಲಸಿಕೆಯ ಎರಡೂ ಡೋಸ್ ಆಗಿದೆ. ನನಗೆ 31 ವರ್ಷ, ಇನ್ನೂ ಒಂದೂ ಸಿಕ್ಕಿಲ್ಲ. ಅತ್ತೆಗೆ 64, ಶುಗರ್ ಜೊತೆಗೆ ಬಿಪಿ, ಅವರಿಗೆ ಒಂದು ಡೋಸ್ ಆಗಿದೆ. ಮಗಳು ಇನ್ನೂ ಚಿಕ್ಕವಳು.

ಡ್ಯೂಟಿ ಮುಗಿಸಿ ಹಿತ್ತಲಿನಿಂದ ಬಂದು ನೇರ ಬಚ್ಚಲಿಗೆ ಹೋಗುತ್ತಾರೆ. ಬಟ್ಟೆಯೆಲ್ಲ ಬಿಸಿನೀರಿಗೆ. ಸ್ನಾನ ಆದ ಮೇಲೆ ಹೊರಗಿನ ರೂಮು. ಅದು ಮೊದಲು ಕೊಬ್ಬರಿ ಇಡುತ್ತಿದ್ದ ಜಾಗ, ಈಗ ಒಂದು ಮಂಚ ಹಾಕಿದ್ದೇವೆ. ರಾತ್ರಿ ಊಟಕ್ಕೆ ಮಾತ್ರ ಒಳಗೆ ಬರುತ್ತಾರೆ. ನಡುಮನೆಯಲ್ಲಿ ಅವರು ಆ ಗೋಡೆ, ನಾವು ಈ ಗೋಡೆ. ಟಿವಿ ನೋಡುತ್ತಾ ಊಟ ಮಾಡಿ, ಸ್ವಲ್ಪ ಹೊತ್ತು ಮಾತಾಡಿ ಎದ್ದು ಹೋಗುತ್ತಾರೆ. ತಟ್ಟೆ ಕೊಡುವಾಗ ಕೈ ತಾಗಬಾರದು ಅಂತ ನೆಲದ ಮೇಲಿಟ್ಟು ಹಿಂದೆ ಸರಿಯುತ್ತೇನೆ. ಮೊನ್ನೆ ಹಾಗೆ ಇಡುವಾಗ ಅವರ ಬೆರಳು ಕಣ್ಣಿಗೆ ಬಿತ್ತು. ಗ್ಲೌಸ್ ಒಳಗೆ ಬೆವರಿ ಬೆವರಿ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿತ್ತು, ಸ್ಯಾನಿಟೈಸರ್ ಹಾಕಿ ಹಾಕಿ ಉಗುರಿನ ಪಕ್ಕ ಸಿಪ್ಪೆ ಎದ್ದಿತ್ತು. ಎಣ್ಣೆ ಹಚ್ಚಿಕೊಡೋಣ ಅನ್ನಿಸಿತು. ಧೈರ್ಯ ಬರಲಿಲ್ಲ. ಎಣ್ಣೆ ಬಾಟಲಿ ತಂದು ಅವರ ಮುಂದೆ ಇಟ್ಟು ಬಂದೆ.

ನೇರವಾಗಿ ಕೇಳುತ್ತೇನೆ. ನಾವಿಬ್ಬರೂ ವಯಸ್ಸಿನಲ್ಲಿರುವವರು, ಒಬ್ಬರನ್ನೊಬ್ಬರು ಮುಟ್ಟಬೇಕು, ಒಟ್ಟಿಗೆ ಮಲಗಬೇಕು ಅಂತ ಇಬ್ಬರಿಗೂ ಅನ್ನಿಸುತ್ತೆ. ಅತ್ತೆಗೆ ನಮ್ಮಿಂದ ಏನಾದರೂ ಆದರೆ ಜೀವನಪೂರ್ತಿ ಕೊರಗಬೇಕಾಗುತ್ತೆ, ಅದೂ ಗೊತ್ತು. ಆದರೆ ಈ ಸ್ವಾಬ್ ಕೆಲಸ ಇನ್ನೂ ಒಂದು ವರ್ಷ ನಡೆದರೆ ನಾವೂ ಒಂದು ವರ್ಷ ಹೀಗೇ ಇರಬೇಕಾ? ಇಂಥದ್ದೇ ಪರಿಸ್ಥಿತಿಯಲ್ಲಿ ಇರುವವರು ಹೇಗೆ ನಿಭಾಯಿಸುತ್ತಿದ್ದೀರಿ ಹೇಳಿ.


ಬಿಸಿಲುನಾಡು

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಜನ ತೀರಿಹೋಗಿ ಇನ್ನೂ ತಿಂಗಳಾಗಿಲ್ಲ. ನಮ್ಮ ಚಿಕ್ಕಪ್ಪನಿಗೆ ಬೆಡ್ ಹುಡುಕಿಕೊಂಡು ರಾತ್ರಿಯಿಡೀ ಸುತ್ತಿದ್ದೇವೆ, ಇವತ್ತಿಗೂ ವೆಂಟಿಲೇಟರ್ ಮೇಲೆ ಇದ್ದಾರೆ. ಇಂಥ ಹೊತ್ತಲ್ಲಿ ಒಟ್ಟಿಗೆ ಮಲಗೋದು, ಮುಟ್ಟೋದು ಇದೆಲ್ಲ ಯಾಕೆ ದೊಡ್ಡ ವಿಷಯ ಆಗಬೇಕು? ಸ್ವಲ್ಪ ದಿನ ತಡೆದುಕೊಳ್ಳಿ. ಮೊದಲು ಜೀವ, ಆಮೇಲೆ ಉಳಿದದ್ದು.


ಪಿಜಿ ವಾಸಿ (ಬಿಟಿಎಂ ಲೇಔಟ್)

ಬಿಸಿಲುನಾಡು ಅವರೇ, ಚಿಕ್ಕಪ್ಪ ಬೇಗ ಹುಷಾರಾಗಲಿ. ಆದರೆ "ಸ್ವಲ್ಪ ದಿನ" ಅನ್ನುವ ಮಾತನ್ನು 2020ರ ಮಾರ್ಚ್ ಕೊನೆಯಲ್ಲೂ ಕೇಳಿದ್ದೆವು. ಆಗ ಲಾಕ್‌ಡೌನ್ 21 ದಿನ ಅಂದರು. ಒಂದು ವರ್ಷದ ಮೇಲಾಯಿತು.

ನನಗೆ ಹೆಂಡತಿ ಇಲ್ಲ, ಮನೆಯವರು ಇರೋದು ಬೀದರ್‌ನಲ್ಲಿ. ಪಿಜಿಯಲ್ಲಿ ಎಲ್ಲರೂ ಊರಿಗೆ ಹೋದರು, ಫ್ಲೋರ್‌ಗೆ ನಾನೊಬ್ಬನೇ. ಊಟದ ಡಬ್ಬಿ ಬಾಗಿಲ ಹೊರಗೆ ಇಟ್ಟು ಹೋಗುತ್ತಾರೆ. ಕೆಲಸ ಇದೆ, ಸಂಬಳ ಬರುತ್ತಿದೆ, ಆ ಲೆಕ್ಕದಲ್ಲಿ ಕೊರತೆ ಇಲ್ಲ. ಆದರೆ ಬೇರೆ ಮನುಷ್ಯನ ಕೈ ಮೈಗೆ ತಾಗಿ ಎಷ್ಟು ಕಾಲ ಆಯಿತು ಅಂತ ಯೋಚಿಸಿದರೆ, ಕೊನೆಯದು ಸಲೂನ್. ಲಾಕ್‌ಡೌನ್‌ಗೆ ಮುಂಚೆ ಹೇರ್‌ಕಟ್ ಆದ ಮೇಲೆ ಅವರು ಸುಮ್ನೆ ರೂಢಿಗೆ ಅಂತ ಭುಜ ಒತ್ತಿದರು ನೋಡಿ, ಅದೇ ಕೊನೆ. ಅದನ್ನು ನೆನೆಸಿಕೊಂಡು ಕಣ್ಣಲ್ಲಿ ನೀರು ಬಂದಿದೆ.

ಬೇರೆ ದೇಶಗಳಲ್ಲಿ ಇದನ್ನು ಸರ್ಕಾರವೇ ಯೋಚಿಸಿದೆ. ಇಂಗ್ಲೆಂಡಿನಲ್ಲಿ 2020ರ ಜೂನ್ 13ರಿಂದ ಒಂಟಿಯಾಗಿರುವವರು ಬೇರೆ ಒಂದು ಮನೆಯನ್ನು ಆಯ್ಕೆ ಮಾಡಿಕೊಂಡು, ಅವರ ಜೊತೆ ಅಂತರ ಇಲ್ಲದೆ ಇರಬಹುದು, ರಾತ್ರಿ ಉಳಿಯಬಹುದು ಅಂತ ನಿಯಮ ತಂದರು. ನೆದರ್‌ಲೆಂಡ್ಸ್‌ನ ಆರೋಗ್ಯ ಸಂಸ್ಥೆ ಆ ವರ್ಷ ಮೇನಲ್ಲೇ, ಒಂಟಿಯಾಗಿರುವವರು ಒಬ್ಬರನ್ನು ಗೊತ್ತುಮಾಡಿಕೊಂಡು ಅವರ ಜೊತೆ ಮಾತ್ರ ಹತ್ತಿರದ ಸಂಬಂಧ ಇಟ್ಟುಕೊಳ್ಳಿ ಅಂದಿತು. ನಮ್ಮಲ್ಲಿ ಮನೆ ಅಂದರೆ ಕುಟುಂಬ ಅಂತಲೇ ಲೆಕ್ಕ. ಒಂಟಿ ರೂಮಿನಲ್ಲಿ ಇರುವವನು ಯಾವ ಲೆಕ್ಕಕ್ಕೆ ಬರುತ್ತಾನೆ?


ಚೌಕಾಬಾರ (ಮೈಸೂರು)

ಮಗಾ, ಮೊದಲು ನಿನಗೆ. ಬೆಂಗಳೂರಿನಲ್ಲಿ ನಿನ್ನ ಹಾಗೆಯೇ ಒಬ್ಬನೇ ಇರುವ ಸ್ನೇಹಿತ ಇದ್ದರೆ ಇಬ್ಬರೂ ಒಂದೇ ಕಡೆ ಇದ್ದುಬಿಡಿ. ಸರ್ಕಾರ ಹೇಳಲಿ ಅಂತ ಕಾಯಬೇಡ.

ನಮ್ಮ ಮನೆಯಲ್ಲಿ ಏಪ್ರಿಲ್ ಕೊನೆಗೆ ಯಜಮಾನರಿಗೆ ಪಾಸಿಟಿವ್ ಬಂತು. ಇಬ್ಬರಿಗೂ 70ರ ಹತ್ತಿರ. ಮದುವೆಯಾದ ಮೇಲೆ ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಮಲಗಿದ್ದು ಇದೇ ಮೊದಲು. ಅವರು ರೂಮಿನಲ್ಲಿ, ನಾನು ಹಾಲ್‌ನಲ್ಲಿ. ರಾತ್ರಿ ಅವರ ಕೆಮ್ಮು ಕೇಳಿಸಿದರೂ ಎದೆ ಹೊಡೆದುಕೊಳ್ಳುತ್ತಿತ್ತು, ಕೇಳಿಸದಿದ್ದರೆ ಇನ್ನೂ ಜಾಸ್ತಿ. ಮೊಮ್ಮಗ ಫೋನಿನಲ್ಲಿ ಒಂದು ಉಪಾಯ ಹೇಳಿದ. ಎರಡು ಕಡೆಯೂ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದುಕೊಂಡೆವು. ನಾನು ಹುಣಸೆಬೀಜ ಹಾಕಿ ಎಷ್ಟು ಬಿತ್ತು ಅಂತ ಫೋನಿನಲ್ಲಿ ಹೇಳುತ್ತಿದ್ದೆ, ಇಬ್ಬರ ಕಾಯೂ ಇಬ್ಬರ ಮನೆಯಲ್ಲೂ ನಡೆಸಬೇಕು. ಅವರು ಸುಳ್ಳು ಗರ ಹೇಳುತ್ತಿದ್ದರು, ನನಗೆ ಗೊತ್ತಾಗುತ್ತಿತ್ತು, ಜಗಳ ಆಡುತ್ತಿದ್ದೆವು. ಆ ಜಗಳ ಆಡಿದ ದಿನ ಅವರು ಅನ್ನ ಸರಿಯಾಗಿ ತಿನ್ನುತ್ತಿದ್ದರು.

ಆದರೂ ತಂಗಿ, ಆಟ, ಮಾತು, ವಿಡಿಯೋ ಕಾಲ್ ಇದರಲ್ಲೇ ಎಲ್ಲ ತೀರುತ್ತೆ ಅಂತ ನಾನು ಹೇಳುವುದಿಲ್ಲ. ರೂಮಿನಿಂದ ಹೊರಗೆ ಬಂದ ದಿನ ಅವರು ಮೊದಲು ಮಾಡಿದ್ದು ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಿದ್ದು. ಕಾಫಿ ಆರಿಹೋಯಿತು, ಬಿಡಲಿಲ್ಲ. ಈ ವಯಸ್ಸಿನಲ್ಲೇ ನಮಗೆ ಹಾಗಾದರೆ, ನಿಮ್ಮ ವಯಸ್ಸಿನವರಿಗೆ ಹೇಗಿರಬೇಡ. ನೀವು ಕೇಳಿದ್ದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.


ತಾಲ್ಲೂಕು ವೈದ್ಯ

ನಾನು ಹಾಸನ ಜಿಲ್ಲೆಯಲ್ಲಿ ಫಿಸಿಷಿಯನ್. ಕೋವಿಡ್ ವಾರ್ಡ್ ಡ್ಯೂಟಿ ಇರೋದರಿಂದ ತೆಂಗಿನಗರಿ ಅವರ ಯಜಮಾನರ ದಿನಚರಿಯೇ ನನ್ನದೂ. ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಿಮ್ಮ ಮನೆಯಲ್ಲಿ ಅಪಾಯ ಇರೋದು ತಟ್ಟೆ ಕೊಡುವ ಕೈಯಲ್ಲಿ ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಕಣ್ಣಿಗೆ ಕಾಣುವ ಅಪಾಯ ನಡುಮನೆಯ ಊಟ. ಸಂಜೆಯಾದರೆ ಸೊಳ್ಳೆಗೆ ಅಂತ ಕಿಟಕಿ ಮುಚ್ಚುತ್ತೀರಿ, ಅಲ್ವಾ? ಊಟಕ್ಕೆ ಎಲ್ಲರೂ ಮಾಸ್ಕ್ ತೆಗೆದಿರುತ್ತೀರಿ. ಟಿವಿ ಸದ್ದಿನ ಮೇಲೆ ಜೋರಾಗಿ ಮಾತಾಡುತ್ತೀರಿ. ಈ ವೈರಸ್ ಬರೋದು ಉಸಿರಿನಲ್ಲಿ. ಮಾತಾಡುವಾಗ, ನಗುವಾಗ, ಕೆಮ್ಮುವಾಗ ಬಾಯಿಂದ ಬರುವ ತೀರಾ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಅಂಥ ಕಡೆ 6 ಅಡಿ ದೂರ ಕೂತರೂ ಸಾಲದು. ಈ ತಿಂಗಳ 7ಕ್ಕೆ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಕೂಡ ಇದನ್ನೇ ಬರೆದಿದೆ. ವಸ್ತುಗಳನ್ನು ಮುಟ್ಟಿ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ ಅಂತ ಅವರೇ ಏಪ್ರಿಲ್‌ನಲ್ಲಿ ಹೇಳಿದ್ದರು. ನಾವು ಒಂದು ವರ್ಷದಿಂದ ತರಕಾರಿ ತೊಳೆದೆವು, ಹಾಲಿನ ಪ್ಯಾಕೆಟ್ ತೊಳೆದೆವು, ಹೆಂಡತಿ ಮಕ್ಕಳ ಕೈ ಹಿಡಿಯೋದು ಬಿಟ್ಟೆವು, ಕಿಟಕಿ ಮಾತ್ರ ತೆಗೆಯಲಿಲ್ಲ.

ಹಾಗಾಗಿ ಇವತ್ತಿನಿಂದಲೇ ಊಟ ಹಿತ್ತಲಿಗೋ ಜಗುಲಿಗೋ ಬರಲಿ. ಸೊಳ್ಳೆ ಬತ್ತಿ ಹಚ್ಚಿಡಿ. ಮಳೆ ಬಂದರೆ ಅವರ ಊಟ ಹೊರಗಿನ ರೂಮಿನಲ್ಲೇ ಆಗಲಿ. ಮನೆಯೊಳಗೆ ಬಂದಾಗಲೆಲ್ಲ ಅವರಿಗೆ ಎನ್95 ಮಾಸ್ಕ್, ಅತ್ತೆಗೂ ಮಾಸ್ಕ್.

ಇನ್ನು ಕೈ. ಇಬ್ಬರೂ ಸೋಪು ಹಾಕಿ ತೊಳೆದುಕೊಂಡು, ಮಾಸ್ಕ್ ಹಾಕಿ, ಹೊರಗೆ ಕೂತು ಎಣ್ಣೆ ಹಚ್ಚಿಕೊಡಿ. ಧಾರಾಳವಾಗಿ ಹಚ್ಚಿ. ಕಾಲು ಒತ್ತಿ, ಬೆನ್ನು ಸವರಿ, ಹಿಂದಿನಿಂದ ತಬ್ಬಿಕೊಳ್ಳಿ. ಮುಖ ಎದುರುಬದುರು ಬರದಿದ್ದರೆ ಆಯಿತು. ನಿಧಾನವಾಗಿ ಸವರುವ ಸ್ಪರ್ಶಕ್ಕೆ ಅಂತಲೇ ಸ್ಪಂದಿಸುವ ನರದ ಎಳೆಗಳು ನಮ್ಮ ಚರ್ಮದಲ್ಲಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದರೆ ಅವು ಚೆನ್ನಾಗಿ ಸ್ಪಂದಿಸುತ್ತವೆ, ತೋಳು, ಬೆನ್ನಿನ ಕಡೆ ಜಾಸ್ತಿ ಇವೆ. ಮಗುವನ್ನು ತಟ್ಟಿ ಮಲಗಿಸುವ ತಾಯಿಗೆ ಈ ವೇಗ ಯಾರೂ ಹೇಳಿಕೊಡುವುದಿಲ್ಲ, ತಾನಾಗಿಯೇ ಬರುತ್ತೆ. ಆದ್ದರಿಂದ ಮುಟ್ಟಬೇಕು ಅನ್ನಿಸೋದು ಚಪಲ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ದೇಹ ಕೇಳುವ ಆಹಾರ.

ಒಟ್ಟಿಗೆ ಮಲಗುವ ವಿಷಯ ಬೇರೆ. ಅಲ್ಲಿ ಸುಳ್ಳು ಭರವಸೆ ಕೊಡಲಾರೆ. ಲಕ್ಷಣ ಕಾಣಿಸುವ ಎರಡು ದಿನ ಮುಂಚಿನಿಂದಲೇ ಬೇರೆಯವರಿಗೆ ಹರಡಬಹುದು. ಲಸಿಕೆ ಆದವರಿಗೆ ಕಾಯಿಲೆ ಜೋರಾಗುವುದು ಕಡಿಮೆ, ಆದರೆ ಸೋಂಕು ತಂದು ಕೊಡಲಾರರು ಅಂತಿಲ್ಲ. ಒಂದೇ ದಿಂಬಿನಲ್ಲಿ ರಾತ್ರಿಯಿಡೀ ಉಸಿರಾಡಿದರೆ, ಅವರಿಗೆ ಇದ್ದದ್ದು ನಿಮಗೂ ಬರುತ್ತೆ ಅಂತಲೇ ಲೆಕ್ಕ ಹಾಕಿ. ಆಗ ನೀವೂ ಅತ್ತೆಯಿಂದ ದೂರ ಇರಬೇಕು. ಅಂದರೆ ನಿಮ್ಮಿಬ್ಬರ ನಡುವಿನ ಗೋಡೆ ತೆಗೆದು ನಿಮ್ಮ ಮತ್ತು ಅತ್ತೆಯ ನಡುವೆ ಇಡುತ್ತೀರಿ. ಇದು ಆಗುತ್ತಾ ಇಲ್ಲವಾ ಅನ್ನೋದನ್ನು ನೀವಿಬ್ಬರೇ ತೀರ್ಮಾನ ಮಾಡಬೇಡಿ. ಅತ್ತೆಯನ್ನು ಕೂರಿಸಿಕೊಂಡು ಕೇಳಿ.


ತೆಂಗಿನಗರಿ

ಡಾಕ್ಟ್ರೇ, ಕಿಟಕಿ ಮುಚ್ಚುತ್ತೇವೆ ಅನ್ನೋದನ್ನ ಅಲ್ಲೇ ಕೂತು ನೋಡಿದ ಹಾಗೆ ಹೇಳಿದಿರಿ. ಇವತ್ತು ಹಿತ್ತಲಲ್ಲೇ ಊಟ ಮಾಡಿದೆವು. ಎಣ್ಣೆಯನ್ನೂ ಹಚ್ಚಿದೆ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಒಂದೆರಡು ವಿಷಯ ಬಿಡಿಸಿ ಹೇಳಿ. ಅವರ ಪಾಳಿಯಲ್ಲಿ ಒಂದು ವಾರ ಪೂರ್ತಿ ರಜೆ ಸಿಗುವ ಹಾಗಿದೆ. ರಜೆ ಸಿಕ್ಕಾಗ ಆರ್‌ಎಟಿ (ತಕ್ಷಣ ಫಲಿತಾಂಶ ಬರುವ ಪರೀಕ್ಷೆ) ಮಾಡಿಸಿ ನೆಗೆಟಿವ್ ಬಂದರೆ ಸಾಕಾ? ಮತ್ತೆ, ಮುಜುಗರ ಬಿಟ್ಟು ಕೇಳುತ್ತೇನೆ, ಕಾಂಡೋಮ್ ಹಾಕಿದರೆ ಕೊರೊನಾ ಹರಡುವುದಿಲ್ಲ ಅಂತ ಒಂದು ಫಾರ್ವರ್ಡ್ ಬಂದಿತ್ತು. ನಿಜಾನಾ?


ತಾಲ್ಲೂಕು ವೈದ್ಯ

ಮುಜುಗರ ಬೇಡ, ಇದನ್ನು ಕೇಳದೆ ತೊಂದರೆಗೆ ಸಿಕ್ಕಿಕೊಂಡವರೇ ಜಾಸ್ತಿ.

ಆರ್‌ಎಟಿ ನೆಗೆಟಿವ್ ಅಂದರೆ ಆ ಹೊತ್ತಿಗೆ ಅದಕ್ಕೆ ಸಿಗಲಿಲ್ಲ ಅಂತ ಅಷ್ಟೇ. ಸೋಂಕು ತಗಲಿ ಲಕ್ಷಣ ಕಾಣಿಸೋಕೆ ಸಾಮಾನ್ಯವಾಗಿ 5 ದಿನ ಹಿಡಿಯುತ್ತೆ, ಕೆಲವರಿಗೆ 14 ದಿನದವರೆಗೂ. ರಜೆಯ ಮೊದಲ ದಿನವೇ ಪರೀಕ್ಷೆ ಮಾಡಿಸಿ ಒಳಗೆ ಕರೆದುಕೊಂಡರೆ ಏನೂ ಲಾಭ ಇಲ್ಲ. ರಜೆಯ ಮೊದಲ 5 ದಿನ ಈಗಿನ ಹಾಗೇ ಇರಿ, ಆಮೇಲೆ ಲ್ಯಾಬಿನಲ್ಲಿ ಮಾಡುವ ಆರ್‌ಟಿಪಿಸಿಆರ್ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂದು ಶೀತ, ಜ್ವರ ಏನೂ ಇಲ್ಲದಿದ್ದರೆ ಉಳಿದ ದಿನ ಒಟ್ಟಿಗೆ ಇರಿ. ಪೂರ್ತಿ ಖಾತ್ರಿ ಅಲ್ಲ, ಆದರೆ ಅಪಾಯ ಬಹಳ ಕಡಿಮೆಯಾಗುತ್ತೆ.

ಕಾಂಡೋಮ್ ಕೊರೊನಾ ತಡೆಯುವುದಿಲ್ಲ. ವೀರ್ಯದಲ್ಲಿ ವೈರಸ್ ಇದೆಯಾ ಅಂತ ಚೀನಾದಲ್ಲಿ ಕಳೆದ ವರ್ಷ 38 ರೋಗಿಗಳನ್ನು ಪರೀಕ್ಷೆ ಮಾಡಿದರು, 6 ಜನರಲ್ಲಿ ಅದರ ಕುರುಹು ಸಿಕ್ಕಿತು. ಆದರೆ ನಿಮಗೆ ಹರಡುವ ಮುಖ್ಯ ದಾರಿ ಅದಲ್ಲ. ಮುತ್ತು, ಎಂಜಲು, ಹತ್ತಿರದ ಉಸಿರು, ಇದೇ ದಾರಿ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2020ರ ಮಾರ್ಚ್‌ನಲ್ಲೇ ಇದರ ಬಗ್ಗೆ ಸಾರ್ವಜನಿಕರಿಗೆ ಬಿಡಿಸಿ ಬರೆದು ಹಂಚಿತ್ತು. ಮೊದಲನೆಯದು ನಿಮ್ಮ ಸುಖ ನೀವೇ ನೋಡಿಕೊಳ್ಳೋದು, ಅದು ಎಲ್ಲಕ್ಕಿಂತ ಸುರಕ್ಷಿತ. ಆಮೇಲೆ ಒಂದೇ ಮನೆಯಲ್ಲಿ ಇರುವವರ ಜೊತೆ ಮಾತ್ರ. ಮೈ ಸರಿ ಇಲ್ಲದಿದ್ದರೆ ಬೇಡವೇ ಬೇಡ. ನಮ್ಮಲ್ಲಿ ಯಾವ ಇಲಾಖೆಯೂ ಹೀಗೆ ಬಾಯಿ ಬಿಟ್ಟು ಹೇಳಿದ್ದನ್ನು ನಾನು ನೋಡಿಲ್ಲ. ಹೇಳಬೇಕಿತ್ತು.

ಆದರೂ ಕಾಂಡೋಮ್ ಬಳಸಿ. ಕಾರಣ ಬೇರೆ. ಸದ್ಯಕ್ಕೆ, ಈ 2021ರ ಮೇನಲ್ಲಿ, ಗರ್ಭಿಣಿಯರಿಗೆ ಲಸಿಕೆ ಕೊಡುತ್ತಿಲ್ಲ. ಹಾಲೂಡಿಸುವ ತಾಯಂದಿರಿಗೆ ಮೊನ್ನೆ 19ಕ್ಕೆ ಒಪ್ಪಿಗೆ ಸಿಕ್ಕಿದೆ, ಗರ್ಭಿಣಿಯರದ್ದು ಇನ್ನೂ ಆಗಿಲ್ಲ. ಗರ್ಭಿಣಿಗೆ ಕೋವಿಡ್ ಬಂದರೆ ಜೋರಾಗುವುದೂ ಜಾಸ್ತಿ, ಈ ಎರಡನೇ ಅಲೆಯಲ್ಲಿ ಕಣ್ಣಾರೆ ನೋಡುತ್ತಿದ್ದೇನೆ. ಇನ್ನೊಂದು ಮಗು ಬೇಕು ಅಂತಿದ್ದರೂ ಸ್ವಲ್ಪ ಮುಂದಕ್ಕೆ ಹಾಕಿ. ಮೆಡಿಕಲ್ ಶಾಪಿಗೆ ಹೋಗೋಕೆ ಮುಜುಗರ ಆದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಕಾಂಡೋಮ್, ಮಾತ್ರೆ ಎರಡೂ ಕೊಡುತ್ತಾರೆ.


ಪೀಣ್ಯ ಎರಡನೇ ಹಂತ

ಇಲ್ಲಿ ಹೊರಗಿನ ರೂಮು, ಹಿತ್ತಲು, ಹಾಲು ಅಂತ ಎಲ್ಲ ಬರೆದಿದ್ದೀರಿ. ನಮ್ಮದು ಒಂದೇ ರೂಮು, ಅದರಲ್ಲೇ ಅಡುಗೆ, ಅದರಲ್ಲೇ ಮಲಗೋದು. ನಾವಿಬ್ಬರು, ಇಬ್ಬರು ಮಕ್ಕಳು. ಟಾಯ್ಲೆಟ್ ಸಾಲುಮನೆಯ ಎಲ್ಲರಿಗೂ ಒಂದೇ. ನಾನು ಗಾರ್ಮೆಂಟ್ಸ್, ಮನೆಯವರು ಆಟೋ. ನಮಗೆ ದೂರ ಇರೋ ಪ್ರಶ್ನೆಯೇ ಬರಲಿಲ್ಲ, ಒಬ್ಬರಿಗೆ ಜ್ವರ ಬಂತು, ಎಲ್ಲರಿಗೂ ಬಂತು, ದೇವರು ದೊಡ್ಡವನು, ಎದ್ದೆವು.

ನಮ್ಮ ಕಷ್ಟ ತಿರುಗಾಮುರುಗಾ. ಇಡೀ ದಿನ ಅಂಟಿಕೊಂಡೇ ಇದ್ದೇವೆ, ಆದರೆ ಗಂಡ ಹೆಂಡತಿಯಾಗಿ ಒಂದು ಗಳಿಗೆ ಸಿಗುವುದಿಲ್ಲ. ಶಾಲೆ ಮುಚ್ಚಿ ವರ್ಷದ ಮೇಲಾಯಿತು. ಮೊದಲಾದರೆ ಮಕ್ಕಳು ಶಾಲೆಗೆ ಹೋದಾಗ, ನನಗೆ ವಾರದ ರಜೆ ಇದ್ದಾಗ ಹೇಗೋ ಆಗುತ್ತಿತ್ತು. ಈಗ ದೊಡ್ಡ ಮಗಳು ರಾತ್ರಿ 12ರವರೆಗೂ ಫೋನು ನೋಡುತ್ತಾ ಎಚ್ಚರ ಇರುತ್ತಾಳೆ, ಅವಳಿಗೆ 13 ವರ್ಷ, ಎಲ್ಲ ಗೊತ್ತಾಗುತ್ತೆ. ಮನೆಯವರು ಸಿಡಿಮಿಡಿ ಅನ್ನುತ್ತಾರೆ, ನಾನೂ ಅನ್ನುತ್ತೇನೆ, ಕಾರಣ ಇಬ್ಬರಿಗೂ ಗೊತ್ತು.

ಈಗ ಒಂದು ದಾರಿ ಮಾಡಿಕೊಂಡಿದ್ದೇವೆ. ಪಕ್ಕದ ಮನೆಯವಳೂ ನನ್ನ ಹಾಗೇ. ಸಂಜೆ ಒಂದು ದಿನ ಅವಳ ಮಕ್ಕಳನ್ನೂ ಸೇರಿಸಿ ನಾನು ಟೆರೇಸಿಗೆ ಕರೆದುಕೊಂಡು ಹೋಗುತ್ತೇನೆ, ಇನ್ನೊಂದು ದಿನ ಅವಳು ನನ್ನ ಮಕ್ಕಳನ್ನು ಕರೆದುಕೊಂಡು ಹೋಗುತ್ತಾಳೆ. ಯಾಕೆ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೆರೇಸು ಬಯಲು, ಮಕ್ಕಳಿಗೆ ಮಾಸ್ಕ್ ಹಾಕಿರುತ್ತೇವೆ.


ಮೌನಗೌರಿ

ಪೀಣ್ಯದ ಅಕ್ಕ, ನೀವಿಬ್ಬರೂ ಒಬ್ಬರನ್ನೊಬ್ಬರು ಬೇಕು ಅಂದುಕೊಳ್ಳುತ್ತೀರಿ, ಚೆನ್ನಾಗಿರಿ. ಬೇಡ ಅನ್ನುವವಳ ಮಾತೂ ಇಲ್ಲಿ ಇರಲಿ ಅಂತ ಬರೆಯುತ್ತಿದ್ದೇನೆ.

ನನ್ನ ಗಂಡ ವರ್ಕ್ ಫ್ರಮ್ ಹೋಮ್. ಮೊದಲು ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಿದ್ದರು. ಈಗ ಇಡೀ ದಿನ ಮನೆಯಲ್ಲಿ, ಹೊತ್ತು ಗೊತ್ತು ಇಲ್ಲ. ಅಡುಗೆ, ಪಾತ್ರೆ, ಮಗುವಿನ ಆನ್‌ಲೈನ್ ಕ್ಲಾಸ್, ನನ್ನದೂ ಕೆಲಸ, ಇದರ ಮಧ್ಯೆ ಬೇಡ ಅಂದರೆ ಮುಖ ಊದಿಸಿಕೊಳ್ಳುತ್ತಾರೆ, ಎರಡು ದಿನ ಮಾತು ಬಿಡುತ್ತಾರೆ. ಜ್ವರ ಬಂದು ಬೇರೆ ರೂಮಿನಲ್ಲಿ ಇದ್ದ ವಾರ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಇದನ್ನು ಓದಿ ಯಾರಿಗಾದರೂ ನೋವಾದರೆ ಆಗಲಿ, ನಿಜ ಇದೇ.

ಬೇಕು ಅನ್ನೋದು ಎಷ್ಟು ನಿಜವೋ ಬೇಡ ಅನ್ನೋದೂ ಅಷ್ಟೇ ನಿಜ. ಕೈ ಎತ್ತುವವರೆಗೆ ಹೋಗಿರುವ ಮನೆಗಳೂ ಇವೆ. ಅಂಥವರು ಇಲ್ಲಿ ಓದುತ್ತಿದ್ದರೆ 181 ಮಹಿಳಾ ಸಹಾಯವಾಣಿಗೆ ಮಾಡಿ, ತುರ್ತು ಇದ್ದರೆ 112. ಲಾಕ್‌ಡೌನ್ ಇದೆ ಯಾರೂ ಬರುವುದಿಲ್ಲ ಅಂದುಕೊಂಡು ಸುಮ್ಮನಿರಬೇಡಿ.


ತೆಂಗಿನಗರಿ

ಮೌನಗೌರಿ, ಬರೆದಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಮಾತು ಓದಿ ನಮ್ಮವರನ್ನೂ ಕೇಳಿದೆ, ನಿಮಗೆ ನಿಜವಾಗಿ ಏನು ಬೇಕು ಅಂತ. ಡ್ಯೂಟಿ ಮುಗಿಸಿ ಬಂದಾಗ ಅವರಿಗೆ ಬೇಕಾಗಿರೋದು ಯಾರಾದರೂ ತಲೆ ಸವರುವುದು, ಬೇರೇನನ್ನೂ ಯೋಚಿಸುವಷ್ಟು ಶಕ್ತಿ ಇರುವುದಿಲ್ಲ ಅಂದರು. ನನಗೆ ಬೇಕಾಗಿರೋದು ಅದಕ್ಕಿಂತ ಜಾಸ್ತಿ. ಇಷ್ಟು ದಿನ ಇಬ್ಬರೂ ಇದನ್ನು ಆಡಿಕೊಂಡೇ ಇರಲಿಲ್ಲ.


ಎರಡು ಗಡಿಯಾರ

ನಾನು ಮೈಸೂರಿನಲ್ಲಿ, ನಮ್ಮವರು ಟೆಕ್ಸಸ್‌ನಲ್ಲಿ. ಮದುವೆ ಆಗಿದ್ದು 2020ರ ಫೆಬ್ರವರಿ. ಅವರು ಹೊರಟರು, ನಾನು ವೀಸಾ ಸ್ಟಾಂಪಿಂಗ್ ಮುಗಿಸಿ ಹಿಂದೆ ಬರುವುದು ಅಂತ ಮಾತಾಗಿತ್ತು. ಮಾರ್ಚ್‌ನಲ್ಲಿ ಕಾನ್ಸುಲೇಟ್ ಮುಚ್ಚಿತು. ಜೂನ್‌ನಲ್ಲಿ ಎಚ್-1ಬಿ (ಅಲ್ಲಿ ಕೆಲಸ ಮಾಡುವವರದ್ದು), ಎಚ್-4 (ಅವರ ಹೆಂಡತಿ ಮಕ್ಕಳದ್ದು) ಹೊಸ ವೀಸಾಗಳನ್ನೇ ನಿಲ್ಲಿಸಿದರು. ಆ ಆದೇಶ ಈ ಮಾರ್ಚ್ 31ಕ್ಕೆ ಮುಗಿಯಿತು, ಇನ್ನೇನು ಅನ್ನುವಷ್ಟರಲ್ಲಿ ಮೇ 4ರಿಂದ ಭಾರತದಿಂದ ಬರುವವರಿಗೆ ನಿರ್ಬಂಧ ಬಂತು. ಗ್ರೀನ್ ಕಾರ್ಡ್ ಇದ್ದವರ ಹೆಂಡತಿಗೆ ವಿನಾಯಿತಿ ಇದೆ, ಎಚ್-1ಬಿ ಅವರ ಹೆಂಡತಿಗೆ ಇಲ್ಲ.

ವಿಡಿಯೋ ಕಾಲ್‌ನಲ್ಲೇ ಸಂಸಾರ. ಮೊದಮೊದಲು ಊಟ ಆಯ್ತಾ, ಮಳೆ ಬಂತಾ ಅಷ್ಟೇ. ಹೊಸ ಮದುವೆ, ಮಾತೇ ಬರುತ್ತಿರಲಿಲ್ಲ. ಆಮೇಲೆ ಅವರು ಒಂದು ಪತ್ರ ಬರೆದರು, ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದರು. ಮುಖ ನೋಡಿಕೊಂಡು ಹೇಳಲಾಗದ್ದೆಲ್ಲ ಅದರಲ್ಲಿತ್ತು. ಅಲ್ಲಿಂದ ನಮ್ಮ ಸಂಕೋಚ ಹೋಯಿತು. ಈಗ ವಾರದಲ್ಲಿ ಒಂದು ರಾತ್ರಿ ಆ ಹೊತ್ತು ನಮ್ಮಿಬ್ಬರದೇ. ಅವರಿಗೆ ಆಗ ಬೆಳಿಗ್ಗೆ, ಮೀಟಿಂಗ್ ಇಟ್ಟುಕೊಳ್ಳುವುದಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಫೋಟೋ, ವಿಡಿಯೋ ಕಳಿಸುವಾಗ ನೂರು ಸಲ ಯೋಚಿಸಿ. ಗಂಡನ ಮೇಲೆ ನಂಬಿಕೆ ಇರಬಹುದು, ಫೋನು ಕಳೆದುಹೋಗುತ್ತೆ, ರಿಪೇರಿಗೆ ಹೋಗುತ್ತೆ, ಫೋಟೋಗಳು ತಾವಾಗಿಯೇ ಬೇರೆ ಕಡೆ ಸೇವ್ ಆಗುತ್ತವೆ. ನಾವು ಏನನ್ನೂ ರೆಕಾರ್ಡ್ ಮಾಡುವುದಿಲ್ಲ. ಒಪ್ಪಿಗೆ ಇಲ್ಲದೆ ಯಾರಾದರೂ ಇಂಥ ಚಿತ್ರ ತೆಗೆದರೆ, ಹಂಚಿದರೆ ಐಟಿ ಕಾಯ್ದೆ 66ಇ ಪ್ರಕಾರ ಅಪರಾಧ, ಇದು ಗೊತ್ತಿರಲಿ.


ಕಬ್ಬಿನಗದ್ದೆ (ಮಂಡ್ಯ)

ನಂದೂ ಹೊಸ ಮದುವೆ. ಏಪ್ರಿಲ್ ಕೊನೆಗೆ, 50 ಜನರ ಒಳಗೆ. ಆದ ವಾರಕ್ಕೆ ನನಗೆ ಜ್ವರ, ಅವಳನ್ನು ತವರಿಗೆ ಕರೆದುಕೊಂಡು ಹೋದರು. ನಾನು ಎದ್ದು ಓಡಾಡುತ್ತಿದ್ದೇನೆ, ಆದರೂ ಕಳಿಸುತ್ತಿಲ್ಲ. ಜುಲೈಗೆ ಆಷಾಢ ಬರುತ್ತೆ, ಆಗ ಹೇಗೂ ತವರಿಗೆ ಬರಬೇಕಲ್ಲ, ಅದನ್ನೂ ಮುಗಿಸಿಕೊಂಡೇ ಬರಲಿ ಅನ್ನುತ್ತಾರೆ ಮಾವ. ನಮ್ಮ ಕಡೆ ಹೊಸ ಸೊಸೆ ಆಷಾಢದಲ್ಲಿ ಅತ್ತೆ ಮನೆಯಲ್ಲಿ ಇರಬಾರದು ಅನ್ನೋ ಪದ್ಧತಿ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಷಾಢಕ್ಕೆ ಮೊದಲ ದಿನ, ಕೊನೆಯ ದಿನ ಅಂತ ಇದೆ. ಶ್ರಾವಣ ಬಂದೇ ಬರುತ್ತೆ ಅಂತ ಗೊತ್ತಿದ್ದರೆ ಕಾಯಬಹುದು. ಈ ಕೊರೊನಾದ್ದು ಹಾಗಲ್ಲ. ಡಾಕ್ಟ್ರೇ, ಹುಷಾರಾದವನು ಎಷ್ಟು ದಿನಕ್ಕೆ ಹೆಂಡತಿ ಜೊತೆ ಇರಬಹುದು? ಮಾವನಿಗೆ ತೋರಿಸಬೇಕು, ಬರೆದು ಹಾಕಿ.


ತಾಲ್ಲೂಕು ವೈದ್ಯ

ಮನೆಯಲ್ಲೇ ಇದ್ದು ಗುಣವಾದವರಿಗೆ ಕೇಂದ್ರದ 2021ರ ಏಪ್ರಿಲ್ ಮಾರ್ಗಸೂಚಿ ಹೇಳೋದು ಹೀಗೆ: ಲಕ್ಷಣ ಶುರುವಾಗಿ ಕನಿಷ್ಠ 10 ದಿನ ಆಗಿರಬೇಕು, ಕೊನೆಯ 3 ದಿನ ಜ್ವರ ಇರಬಾರದು. ಆಮೇಲೆ ಪ್ರತ್ಯೇಕ ಇರಬೇಕಾಗಿಲ್ಲ, ಮತ್ತೆ ಟೆಸ್ಟ್ ಬೇಕಾಗಿಲ್ಲ. ಸುಮ್ನೆ ಟೆಸ್ಟ್ ಮಾಡಿಸಿದರೆ ಸತ್ತ ವೈರಸ್‌ನ ಚೂರಿಗೆ ಪಾಸಿಟಿವ್ ಬಂದು ಇನ್ನೊಂದು ಗಲಾಟೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲೆ ಇದ್ದವರದ್ದು ಬೇರೆ, ಅವರು ತಮ್ಮ ವೈದ್ಯರನ್ನು ಕೇಳಬೇಕು. ಮಾವನವರಿಗೆ ಇದನ್ನೇ ತೋರಿಸಿ, ಒಪ್ಪದಿದ್ದರೆ ನಿಮ್ಮ ಪಿಎಚ್‌ಸಿ ಡಾಕ್ಟರ್ ಹತ್ತಿರ ಒಂದು ಮಾತು ಹೇಳಿಸಿ.

ಗುಣವಾದವರು ಇನ್ನೊಂದನ್ನು ಗಮನಿಸಿ. ಈ ಜ್ವರ ಬಿಟ್ಟ ಮೇಲೂ ಸುಸ್ತು ವಾರಗಟ್ಟಲೆ ಇರುತ್ತೆ, ಆಸೆಯೂ ಕಡಿಮೆಯಾಗಬಹುದು, ಅದಕ್ಕೆ ಗಂಡಸರು ಗಾಬರಿಯಾಗಿ ಸಿಕ್ಕ ಸಿಕ್ಕ ಮಾತ್ರೆ ತಿನ್ನಬೇಡಿ. ಎರಡು ಮಹಡಿ ಮೆಟ್ಟಿಲು ಏದುಸಿರಿಲ್ಲದೆ ಹತ್ತುವ ಹಾಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಇದ್ದರೆ 6 ನಿಮಿಷ ಮನೆಯೊಳಗೇ ನಡೆದು ನೋಡಿ, ಅಂಕಿ 94ಕ್ಕಿಂತ ಕೆಳಗೆ ಬಂದರೆ ಎಲ್ಲ ಬಿಟ್ಟು ಡಾಕ್ಟರಿಗೆ ತೋರಿಸಿ.


ಪಿಜಿ ವಾಸಿ

ಚೌಕಾಬಾರ ಅಮ್ಮ, ನೀವು ಹೇಳಿದ ಹಾಗೇ ಮಾಡಿದೆ. ಸಹೋದ್ಯೋಗಿಯೊಬ್ಬ ಜಯನಗರದಲ್ಲಿ ಒಬ್ಬನೇ ಇದ್ದ. ಇಬ್ಬರೂ ಬೇರೆ ಬೇರೆ ಇದ್ದುಕೊಂಡೇ 14 ದಿನ ಯಾರನ್ನೂ ಹತ್ತಿರದಿಂದ ಭೇಟಿಯಾಗದೆ ಕಾದೆವು, ಈಗ ನಾನು ಅವನ ಮನೆಗೆ ಬಂದಿದ್ದೇನೆ. ಬಾಗಿಲು ತೆಗೆದ ತಕ್ಷಣ ತಬ್ಬಿಕೊಂಡ. ಆಫೀಸಿನಲ್ಲಿ ನಾವು ಅಷ್ಟೇನೂ ಆಪ್ತರಾಗಿರಲಿಲ್ಲ.


ತೆಂಗಿನಗರಿ (ಜೂನ್)

ಅತ್ತೆಯ ಹತ್ತಿರ ಮಾತಾಡಿದ್ದು ಹೇಳಬೇಕು. ಡಾಕ್ಟರು ಕೇಳಿ ಅಂದಾಗ, ಇದನ್ನೆಲ್ಲ ಅತ್ತೆ ಹತ್ತಿರ ಹೇಗಪ್ಪಾ ಕೇಳೋದು ಅನ್ನಿಸಿತ್ತು. ಕೊನೆಗೆ ನೀವೇ ಕೇಳಿ ಅಂತ ನಮ್ಮವರಿಗೆ ಹೇಳಿದೆ. ಅವರು ಅಮ್ಮನ ಹತ್ತಿರ, ನನ್ನಿಂದ ನಿನಗೆ ಬರಬಹುದು ಅನ್ನೋ ಭಯಕ್ಕೆ ಹೀಗಿದ್ದೇವೆ, ನೀನೇನು ಹೇಳುತ್ತೀಯಾ ಅಂದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಸಾಯ್ತೀನಿ ಅಂತ ನೀವೇ ಮಾತಾಡ್ಕೊಂಡು ನೀವೇ ತೀರ್ಮಾನ ಮಾಡಿದ್ರಾ, ನನ್ನನ್ನೂ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ" ಅಂದರು.

ಆಮೇಲೆ ಅವರೇ ವ್ಯವಸ್ಥೆ ಹೇಳಿದರು. ದೇವರ ಮನೆ ಪಕ್ಕದ ಒಳಕೋಣೆ ಅವರಿಗೆ, ಅದಕ್ಕೆ ಎರಡು ಕಿಟಕಿ. ಡ್ಯೂಟಿ ವಾರಗಳಲ್ಲಿ ನಮ್ಮವರು ಹೊರಗಿನ ರೂಮಿನಲ್ಲೇ. ರಜೆ ವಾರದಲ್ಲಿ ಡಾಕ್ಟರು ಹೇಳಿದ ಲೆಕ್ಕದ ಪ್ರಕಾರ ನಾನು ಹೊರಗಿನ ರೂಮಿಗೆ ಹೋಗುವುದು, ಮತ್ತೆ ಡ್ಯೂಟಿ ಶುರುವಾಗಿ ನಾಲ್ಕೈದು ದಿನ ಕಳೆಯುವವರೆಗೆ ನಾನೂ ಅತ್ತೆಯ ಹತ್ತಿರ ಮಾಸ್ಕ್ ಹಾಕಿಕೊಂಡೇ ಇರುವುದು. ಆ ದಿನಗಳಲ್ಲಿ ಅತ್ತೆಯ ಅಡುಗೆ ಅತ್ತೆಯೇ ಮಾಡಿಕೊಳ್ಳುತ್ತಾರೆ, ಮಗಳು ನನ್ನ ಜೊತೆ. ಅವಳನ್ನು ಅಜ್ಜಿಯಿಂದ ದೂರ ಇಡೋದು ಎಲ್ಲಕ್ಕಿಂತ ಕಷ್ಟ, ಹಿತ್ತಲಲ್ಲಿ ಮಾತ್ರ ಇಬ್ಬರೂ ಸೇರುತ್ತಾರೆ. ಮೊದಲ ರಜೆ ವಾರ ಆಯಿತು. ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯ ಎರಡನೇ ಡೋಸ್ ಅಂತರ 12 ವಾರದ ಮೇಲೆ ಹೋಗಿದೆ, ಅಲ್ಲಿವರೆಗೆ ಇದೇ ವ್ಯವಸ್ಥೆ.


ಚೌಕಾಬಾರ

ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಶುಗರ್ ಮಾತ್ರೆ ತಪ್ಪಿಸದ ಹಾಗೆ ನೋಡಿಕೊಳ್ಳಿ.


ಬಿಸಿಲುನಾಡು

ನಮ್ಮ ಚಿಕ್ಕಪ್ಪ ಹೋದರು. ಆವತ್ತಿನಿಂದ ಇಲ್ಲಿಗೆ ಬಂದಿರಲಿಲ್ಲ.

ಡಾಕ್ಟ್ರೇ, ಒಂದು ಕೇಳಬೇಕಿತ್ತು. ಚಿಕ್ಕಮ್ಮನಿಗೂ ಪಾಸಿಟಿವ್ ಇತ್ತು, ಮನೆಯಲ್ಲೇ ಇದ್ದರು. ಮಣ್ಣಿಗೂ ಅವರನ್ನು ಕರೆದುಕೊಂಡು ಹೋಗಲು ಆಗಲಿಲ್ಲ, ಮುಖ ನೋಡಲಿಲ್ಲ. ಈಗ ಜ್ವರ ಬಿಟ್ಟು ವಾರದ ಮೇಲಾಗಿದೆ, ಲಕ್ಷಣ ಶುರುವಾಗಿ 18 ದಿನ. ಆದರೂ ಯಾರೂ ಹತ್ತಿರ ಹೋಗುತ್ತಿಲ್ಲ. ನೆಂಟರು ಬಾಗಿಲಲ್ಲಿ ನಿಂತು ಮಾತಾಡಿಸಿ ಬರುತ್ತಿದ್ದಾರೆ. ಒಬ್ಬರೇ ಅಳುತ್ತಾ ಕೂತಿರುತ್ತಾರೆ ಅಂತ ಪಕ್ಕದ ಮನೆಯವರು ಫೋನ್ ಮಾಡಿದ್ದರು. ನಾವು ಹೋಗಿ ಹತ್ತಿರ ಕೂರಬಹುದಾ?


ತಾಲ್ಲೂಕು ವೈದ್ಯ

ಕೇಳಿ ಬಹಳ ದುಃಖವಾಯಿತು. ಹೋಗಿ, ಹೋಗಲೇಬೇಕು. 10 ದಿನ ಕಳೆದಿದೆ, ಜ್ವರ ಇಲ್ಲ, ಅವರಿಂದ ನಿಮಗೆ ಅಪಾಯ ಇಲ್ಲ. ಪಕ್ಕದಲ್ಲೇ ಕೂರಿ, ಕೈ ಹಿಡಿಯಿರಿ, ಅಳಬೇಕು ಅಂದರೆ ನಿಮ್ಮ ಹೆಗಲ ಮೇಲೆ ಅಳಲಿ. ನೀವು ಅವರಿಗೆ ಏನೂ ತಂದು ಕೊಡಬಾರದು ಅಷ್ಟೇ, ಮೈ ಸರಿ ಇದ್ದರೆ ಮಾತ್ರ ಹೋಗಿ, ಮಾಸ್ಕ್ ಹಾಕಿರಿ, ಕಿಟಕಿ ಬಾಗಿಲು ತೆಗೆದಿಡಿ. ನೆಂಟರು ಒಂದೇ ದಿನ ಎಲ್ಲರೂ ಸೇರಬೇಡಿ, ದಿನಕ್ಕೆ ಒಬ್ಬಿಬ್ಬರು ಹೋದರೆ ಅವರಿಗೂ ದಿನಾ ಯಾರಾದರೂ ಸಿಗುತ್ತಾರೆ.


ಬಿಸಿಲುನಾಡು

ನಾಳೆ ಬೆಳಿಗ್ಗೆ ನಾನು, ನನ್ನ ಹೆಂಡತಿ ಹೊರಡುತ್ತೇವೆ. ಅವಳು ನಾಲ್ಕು ದಿನ ಅಲ್ಲೇ ಉಳಿಯುತ್ತೇನೆ, ರಾತ್ರಿ ಚಿಕ್ಕಮ್ಮನ ಪಕ್ಕದಲ್ಲೇ ಮಲಗುತ್ತೇನೆ ಅನ್ನುತ್ತಿದ್ದಾಳೆ. ಪರವಾಗಿಲ್ಲವಾ?


ತಾಲ್ಲೂಕು ವೈದ್ಯ

ಪರವಾಗಿಲ್ಲ. ಆಕ್ಸಿಮೀಟರ್ ತೆಗೆದುಕೊಂಡು ಹೋಗಿ, ಚಿಕ್ಕಮ್ಮನದ್ದು ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ. ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ ಅಂತಿದ್ದರೆ ಇಲ್ಲೇ ಹಾಕಿ, ನೋಡುತ್ತೇನೆ.